ತ್ರ್ಯಕ್ಷರ ಮೀಮಾಂಸೆ ಅಥವಾ ಮೂರು ಮನೆಯ ನೌಕರಿ

ವಿಷಯ

ಭಾನುವಾರದ ಪುರವಣಿಯಲ್ಲಿ, ರಾಶಿಭವಿಷ್ಯದ ಪಕ್ಕಕ್ಕೆ, ಕಪ್ಪು ಬಿಳಿ ಮನೆಗಳ ಒಂದು ಚೌಕವಿರುತ್ತದೆ. ಲೋಕ ಅದನ್ನು ಪದಬಂಧವೆಂದು ಕರೆದು ಕಾಲಹರಣದ ಲೆಕ್ಕಕ್ಕೆ ಬರೆದಿದೆ. ಅದು ಉದ್ಯೋಗಶಾಸ್ತ್ರದ ಮೂಲಗ್ರಂಥವೆಂದು ಸ್ಥಾಪಿಸುವುದೇ ಈ ಪ್ರಬಂಧದ ಗುರಿ. ಅಧ್ಯಯನಕ್ಕೆ ಬೇಕಾದ ಸಲಕರಣೆಗಳೆರಡೂ ಮನೆಯಲ್ಲೇ ಇದ್ದವು: ಗುಮಾಸ್ತರಾಗಿ ನಿವೃತ್ತರಾದ ಸೋದರಮಾವ ಮತ್ತು ಇನ್ನೂ ಕೆಲಸ ಸಿಗದ ನಾವು. ಮಾವ ಪೆನ್ನಿನಲ್ಲಿ ತುಂಬುತ್ತಾರೆ, ನಾವು ಪೆನ್ಸಿಲ್ಲಿನಲ್ಲಿ. ಕಾಯಂ ನೌಕರಿಗೂ ಗುತ್ತಿಗೆ ನೌಕರಿಗೂ ಇರುವ ವ್ಯತ್ಯಾಸವೂ ಇಷ್ಟೇ.

ಈ ಶಾಸ್ತ್ರದ ಹುಟ್ಟಿನಲ್ಲೇ ಒಬ್ಬ ನೌಕರನ ಕೈವಾಡವಿದೆ. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ವಜ್ರದಾಕಾರದ ಒಗಟೊಂದನ್ನು ‘ವರ್ಡ್-ಕ್ರಾಸ್’ ಎಂಬ ಹೆಸರಿನಲ್ಲಿ ಅಚ್ಚು ಹಾಕಿಸಿದ. ಕೆಲವೇ ವಾರಗಳಲ್ಲಿ ಮೊಳೆ ಜೋಡಿಸುವಾಗ ಹೆಸರು ಹಿಂದುಮುಂದಾಗಿ ‘ಕ್ರಾಸ್-ವರ್ಡ್’ ಆಯಿತು, ಹಾಗೆಯೇ ಉಳಿಯಿತು. ಮೊಳೆ ಜೋಡಿಸುವ ಕೆಲಸ ಇಂದು ಕಣ್ಮರೆಯಾಗಿದೆ. ಆ ಕೈತಪ್ಪು ಮಾತ್ರ ನಿವೃತ್ತಿಯಿಲ್ಲದೆ ಸೇವೆಯಲ್ಲಿದೆ.

ಸಂಶಯ

ಕನ್ನಡ ಪದಬಂಧದಲ್ಲಿ ಅಕ್ಷರಕ್ಕೊಂದು ಮನೆ. ಕೊಂಬು, ಒತ್ತು, ಸೊನ್ನೆಗಳಿಗೆ ಬೇರೆ ಮನೆಯಿಲ್ಲ. ಅವಿಭಕ್ತ ಕುಟುಂಬದಂತೆ ಒಂದರೊಳಗೇ ಸಂಸಾರ. ಈಗ ಸುಳಿವು ನೋಡಿ: ‘ಜೀವನೋಪಾಯ (3)’. ಕೆಲಸ, ಕಸುಬು, ಕಾಯಕ, ದುಡಿಮೆ, ಊಳಿಗ, ಉದ್ಯೋಗ, ನೌಕರಿ, ಚಾಕರಿ, ಬೇಸಾಯ: ಎಲ್ಲವೂ ಮೂರಕ್ಷರ. ಮಾಡುವವರು? ಬಡಗಿ, ಕಮ್ಮಾರ, ಕುಂಬಾರ, ನೇಕಾರ, ಗಾಣಿಗ, ಅಂಬಿಗ, ಜವಾನ, ಗುಮಾಸ್ತ, ವಕೀಲ. ಅವರಿಗೂ ಮೂರೇ. ಕೈಗೆ ಬರುವ ಸಂಬಳವೂ ಪಗಾರವೂ ಮೂರೇ. ಒಂದು ಖಾಲಿ ಜಾಗ, ಒಂಬತ್ತು ಅಭ್ಯರ್ಥಿಗಳು, ಎಲ್ಲರಿಗೂ ಸಮಾನ ಅರ್ಹತೆ. ಆಯ್ಕೆ ಹೇಗೆ?

ಮೂರನ್ನು ಮೀರಿದವರ ಪಾಡು ಬೇರೆ. ಅಕ್ಕಸಾಲಿಗ ಐದು ಮನೆ ಹಿಡಿಯುತ್ತಾನೆ. ಚಿನ್ನದ ವ್ಯವಹಾರ, ಒಪ್ಪಿಕೊಳ್ಳೋಣ. ಸಾಫ್ಟ್‌ವೇರ್ ಎಂಜಿನಿಯರಿಗೆ ಒಂಬತ್ತು ಮನೆ ಬೇಕು. ಬೆಂಗಳೂರಿನಲ್ಲಿ ಒಂದು ಮನೆಯ ಸಾಲವೇ ತೀರದ ಆ ಜೀವಕ್ಕೆ ಪದಬಂಧದವರು ಒಂಬತ್ತನ್ನು ಎಲ್ಲಿಂದ ತಂದಾರು?

ಪೂರ್ವಪಕ್ಷ

ಪದದ ಮೂಲ ಹಿಡಿದರೆ ಉತ್ತರ ಸಿಗುತ್ತದೆ ಎಂಬುದು ನಿಘಂಟುವಾದಿಗಳ ಮತ. ಅವರ ಪ್ರಕಾರ ಕೆಲಸ, ದುಡಿಮೆ, ಊಳಿಗ ಅಚ್ಚಗನ್ನಡ, ನೌಕರಿ, ಚಾಕರಿ ಪಾರಸಿಯಿಂದ ಬಂದವು, ಕಸುಬು ಅರಬ್ಬಿಯದು, ಪಗಾರ ಪೋರ್ಚುಗೀಸರದು. ಅಂದರೆ ಬೆವರು ನಮ್ಮದು, ಪಗಾರ ಪರದೇಶದ್ದು. ವೀಸಾ ಸಾಲಿನಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಂಬಳದ ಹಿಂದಿರುವ ಸಂಸ್ಕೃತದ ‘ಶಂಬಲ’ಕ್ಕೆ ದಾರಿಬುತ್ತಿ ಎಂದರ್ಥ. ಹತ್ತನೇ ತಾರೀಕಿಗೆ ಬುತ್ತಿ ಮುಗಿದು ಇಪ್ಪತ್ತು ದಿನದ ದಾರಿ ಉಳಿದಿರುತ್ತದೆ. ಜವಾನ ಎಂದರೆ ಪಾರಸಿಯಲ್ಲಿ ತರುಣ. ಆದ್ದರಿಂದಲೇ ಅರುವತ್ತಕ್ಕೆ ಹಾರ ಹಾಕಿಸಿಕೊಂಡು ಹೊರಡುವ ದಿನವೂ ಆತ ಜವಾನನೇ. ಶಾನುಭೋಗ, ಪಟೇಲ, ತಳವಾರ, ತೋಟಿಗಳ ವಂಶಪಾರಂಪರ್ಯ ಹುದ್ದೆಗಳನ್ನು ರದ್ದುಮಾಡುವ ಕಾಯ್ದೆ 1961ರಲ್ಲೇ ಬಂತು. ಆದರೆ ಆದೇಶದ ಪ್ರತಿ ಪದಬಂಧ ಮಾಡುವವರಿಗೆ ಇನ್ನೂ ತಲುಪಿಲ್ಲ. ‘ಹಳ್ಳಿಯ ಲೆಕ್ಕಿಗ (4)’ ಎಂದು ಶಾನುಭೋಗರನ್ನು ಭಾನುವಾರವೂ ಕೆಲಸಕ್ಕೆ ಕರೆಯುತ್ತಾರೆ.

ಇದೆಲ್ಲ ಪಾಂಡಿತ್ಯ. ಇದರಿಂದ ಒಂದು ಮನೆಯೂ ತುಂಬುವುದಿಲ್ಲ.

ಸಿದ್ಧಾಂತ

ಮೊದಲನೆಯದು ರ್ಜಿ-ನ್ಯಾಯ. ಎರಡು ಮನೆಗಳಲ್ಲಿ ಕೊನೆಯದು ‘ರ್ಜಿ’ ಎಂದು ಗೊತ್ತಾಗಿದೆ, ಮೊದಲನೆಯದು ಖಾಲಿ. ಅ ಹಾಕಿದರೆ ಅರ್ಜಿ, ಮ ಹಾಕಿದರೆ ಮರ್ಜಿ. ಹಾಕಿದ್ದಕ್ಕೂ ಹಿಡಿದದ್ದಕ್ಕೂ ಫಲ ಸಿಗದಿದ್ದರೆ ದ ಹಾಕಿ ದರ್ಜಿಯಾಗಿ ಹೊಲಿಗೆಯಂತ್ರದ ಮುಂದೆ ಕೂರಬಹುದು.

ಎರಡನೆಯದು ಬಳ-ನ್ಯಾಯ. ಕೊನೆಯ ಎರಡು ಮನೆ ‘ಬಳ’. ಮೊದಲ ಮನೆಯಲ್ಲಿ ಸಂ ಬರೆಯುವವನು ಬಸ್ಸಿನಲ್ಲಿ ಬರುತ್ತಾನೆ, ಗಿಂ ಬರೆಯುವವನು ಕಾರಿನಲ್ಲಿ ಬರುತ್ತಾನೆ.

ಮೂರನೆಯದು ವಿಲೋಮ-ನ್ಯಾಯ. ‘ಕವಿ ನಾ ಎಂದವನನ್ನು ಹಿಂದಕ್ಕೆ ತಿರುಗಿಸಿದರೆ ಹಡಗು ನಡೆಸುವವ (3)’. ಉತ್ತರ: ನಾವಿಕ. ಕವಿಯೆಂದು ಹೇಳಿಕೊಳ್ಳುವ ಅಳಿಯನಿಗೆ ಕನ್ಯಾಪಿತೃಗಳು ಬಯಸುವ ಪರಿವರ್ತನೆಯೂ ಇದೇ.

ನಾಲ್ಕನೆಯದೇ ಪರಮಸಿದ್ಧಾಂತ. ಪದಬಂಧದಲ್ಲಿ ಯಾವ ಪದವೂ ಅರ್ಹತೆಯೊಂದರಿಂದಲೇ ಒಳಗೆ ಬರುವುದಿಲ್ಲ. ಮೇಲಿನಿಂದ ಯಾರೋ ಒಂದಕ್ಷರ ಇಳಿಸಬೇಕು, ಪಕ್ಕದವರು ಇನ್ನೊಂದು ಕೊಡಬೇಕು. ಕಚೇರಿಗಳಲ್ಲಿ ಇದಕ್ಕೆ ವಶೀಲಿ ಎನ್ನುತ್ತಾರೆ (ಅದಕ್ಕೂ ಮೂರೇ ಮನೆ). ನಡುನಡುವಿನ ಕಪ್ಪು ಮನೆಗಳು ಮಂಜೂರಾಗಿಯೂ ಭರ್ತಿಯಾಗದ ಹುದ್ದೆಗಳು. ಅವುಗಳ ಸುತ್ತಲೇ ಉಳಿದವರೆಲ್ಲ ಹೊಂದಿಕೊಂಡು ಕೆಲಸ ಮಾಡಬೇಕು.

ನಿರ್ಣಯ

ಸಿದ್ಧಾಂತದ ಪರೀಕ್ಷೆ ಕಳೆದ ತಿಂಗಳು ನಡೆಯಿತು. ಅಡ್ಡಸಾಲಿನ ಸುಳಿವು: ‘ಇದಿದ್ದಲ್ಲಿ ಹೊಟ್ಟೆಗೆ ಮೋಸವಿಲ್ಲ (3)’. ಕೊನೆಯ ಎರಡು ಅಕ್ಷರ ‘ಕರಿ’ ಎಂದು ಆಗಲೇ ಸಿಕ್ಕಿತ್ತು. ಮಾವ ಕ್ಷಣವೂ ಯೋಚಿಸದೆ ಪೆನ್ನಿನಲ್ಲಿ ‘ನೌ’ ಬರೆದರು. ಅದೇ ಮನೆಯಿಂದ ಕೆಳಕ್ಕೆ ‘ನೆಲ ನಂಬಿದವನ ಕೆಲಸ (3)’. ಅಲ್ಲಿ ‘ಸಾಯ’ ಮೊದಲೇ ಕುಳಿತಿತ್ತು. ಹೀಗೆ ಕನ್ನಡಕ್ಕೆ ‘ನೌಸಾಯ’ ಎಂಬ ಪದ ಲಭಿಸಿತು.

“ಕರಾವಳಿಯ ಹಳೇ ಪದ ಕಣೋ. ನೀರಿನ ಮೇಲಿನ ಬೇಸಾಯ” ಎಂದರು ಮಾವ.

“ಸುಳಿವಿನಲ್ಲಿ ನೆಲ ಅಂತಿದೆಯಲ್ಲ ಮಾವ?”

“ಅಚ್ಚಿನ ತಪ್ಪು.”

“ಬೇಸಾಯ ಅಂತಿಟ್ಟುಕೊಂಡರೆ ಅಡ್ಡಕ್ಕೆ ಬೇಕರಿ ಆಗುತ್ತೆ.”

“ಬೇಕರಿಯೂ ಒಂದು ಕೆಲಸವೇನೋ?” ಎಂದವರು ಕೈಯಲ್ಲಿದ್ದ ಖಾರಾ ಬನ್ನು ಮುರಿದು ಬಾಯಿಗಿಟ್ಟರು. ಹಾಸನ ಸೀಮೆಯಿಂದ ಬಂದ ಅಯ್ಯಂಗಾರರು ಬೆಂಗಳೂರಿನ ಬೀದಿಬೀದಿಯಲ್ಲಿ ಒಲೆ ಹಚ್ಚಿ ಈ ಪ್ರಶ್ನೆಗೆ ಎಂದೋ ಉತ್ತರ ಕೊಟ್ಟಿದ್ದಾರೆ. ಆದರೆ ಮಾವನೆದುರು ಅದನ್ನು ಉಲ್ಲೇಖಿಸುವುದು ಸಂಶೋಧನೆಯ ಶಿಸ್ತಿಗೆ ಹೊಂದುವುದಿಲ್ಲವೆಂದು ಸುಮ್ಮನಾದೆವು.

ಮುಂದಿನ ಭಾನುವಾರ ಉತ್ತರ ಬಂತು: ಬೇಕರಿ. ಮಾವ ಕನ್ನಡಕ ಒರೆಸಿ ಎರಡು ಸಲ ನೋಡಿದರು. ಹಳೆಯ ಪುರವಣಿ ಹುಡುಕಿ ತೆಗೆದು, ‘ನೌ’ ಮೇಲೆ ‘ಬೇ’ ಬರೆದರು. ಕಾಣಲಿಲ್ಲವೆಂದು ಮತ್ತೆ ತೀಡಿದರು. ಮತ್ತೆ ತೀಡಿದರು.

ಈಗ ಆ ಮನೆ ಪೂರ್ತಿ ಕಪ್ಪಾಗಿದೆ. ಹುದ್ದೆ ಮಂಜೂರಾಗಿದೆ, ಭರ್ತಿಯಾಗಿಲ್ಲ.