ಕುಂಕುಮ ಹಚ್ಚಿದ ಕಂಪ್ಯೂಟರು

ರೈಟ್ ಕ್ಲಿಕ್, ರಿಫ್ರೆಶ್. ರೈಟ್ ಕ್ಲಿಕ್, ರಿಫ್ರೆಶ್. ಮೂರನೇ ಸಲ ಕಣ್ಣು ಮುಚ್ಚಿಕೊಂಡೇ ಆಗಿಹೋಗುತ್ತೆ. ‘ನಾನು ಮಾಡಲ್ಲಪ್ಪ’ ಅಂತ ನೀವು ಆಣೆ ಹಾಕಿದರೂ ನಾನು ನಂಬೋದಿಲ್ಲ. ಕಂಪ್ಯೂಟರ್ ಆನ್ ಮಾಡಿದ ಮೇಲೆ ಡೆಸ್ಕ್‌ಟಾಪಿಗೆ ಈ ಪ್ರೋಕ್ಷಣೆ ಆಗದಿದ್ದರೆ ನಮ್ಮ ಜನಕ್ಕೆ ಮುಂದೆ ಕೈಯೇ ಓಡೋದಿಲ್ಲ. ಅದರಿಂದ ಆಗೋದಾದರೂ ಏನು? ಪರದೆ ಮೇಲಿರೋ ಐಕಾನುಗಳನ್ನ ವಿಂಡೋಸ್ ಇನ್ನೊಂದು ಸಲ ಬಿಡಿಸಿ ತೋರಿಸುತ್ತೆ, ಅಷ್ಟೇ. ವೇಗ ಕೂದಲೆಳೆಯಷ್ಟೂ ಹೆಚ್ಚೋದಿಲ್ಲ. ಇನ್ನು ಕೆಲವರದು ಇದಕ್ಕಿಂತ ಹೆಚ್ಚಿನ ಮಡಿ. ಅವರು ‘ಪ್ರಿಫೆಚ್’ ಅನ್ನೋ ಫೋಲ್ಡರನ್ನ ಹುಡುಕಿಕೊಂಡು ಹೋಗಿ ಅಲ್ಲಿರೋದನ್ನೆಲ್ಲ ಅಳಿಸಿ ಕೈ ತೊಳ್ಕೋತಾರೆ. ಯಾವ ಪ್ರೋಗ್ರಾಂ ತೆರೆಯುವಾಗ ಏನೇನು ಬೇಕಾಗುತ್ತೆ ಅಂತ ವಿಂಡೋಸ್ ಗುರುತು ಹಾಕಿಟ್ಟುಕೊಳ್ಳೋ ಜಾಗ ಅದು. ಅಳಿಸಿದರೆ ಮುಂದಿನ ಸಲ ಇನ್ನಷ್ಟು ನಿಧಾನ.

ಯಲಹಂಕ ನ್ಯೂ ಟೌನಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ರಿಟೈರ್ಡ್ ಮೇಷ್ಟ್ರೊಬ್ಬರಿದ್ದಾರೆ. ಕಂಪ್ಯೂಟರ್ ಭಕ್ತಿಯಲ್ಲಿ ಅವರನ್ನ ಮೀರಿಸಿದವರಿಲ್ಲ. ಮಾನಿಟರಿಗೆ ಕಸೂತಿ ಹಾಕಿದ ಬಟ್ಟೆ, ಸಿಪಿಯು ಡಬ್ಬಕ್ಕೆ ಪ್ಲಾಸ್ಟಿಕ್ ಹೊದಿಕೆ, ಆಯುಧಪೂಜೆ ಬಂತೆಂದರೆ ಅರಿಶಿನ, ಕುಂಕುಮ, ವಿಭೂತಿ, ಸೇವಂತಿಗೆ ಹಾರ. ಹೋದ ದಸರಾ ಮಾರನೇ ದಿನ ಬೆಳಿಗ್ಗೆಯೇ ಕಾಂಪೌಂಡ್ ಆಚೆಯಿಂದ ಕೂಗು.

‘ಏನಯ್ಯಾ, ಸ್ಪೇಸೇ ಬರ್ತಿಲ್ಲ. ಪದವೆಲ್ಲ ಅಂಟ್ಕೊಂಡು ಬರ್ತಿದೆ. ವೈರಸ್ ಏನಾದ್ರೂ ಹೊಕ್ಕಿದ್ಯಾ?’

ಹೋಗಿ ನೋಡಿದೆ. ‘ವೈರಸ್ ಅಲ್ಲ ಮೇಷ್ಟ್ರೇ, ಕುಂಕುಮ.’

ಸ್ಪೇಸ್ ಬಾರಿನ ಸಂದಿಯಲ್ಲಿ ಒದ್ದೆ ಕುಂಕುಮ ಗಟ್ಟಿಯಾಗಿ ಕೂತಿತ್ತು. ಹೇಗೂ ಬಂದಿದ್ದೀನಲ್ಲ ಅಂತ ಪ್ಲಗ್ ಕಿತ್ತು ಸಿಪಿಯು ಡಬ್ಬವನ್ನೂ ಬಿಚ್ಚಿದೆ. ಹೊರಗಡೆ ವಿಭೂತಿಪಟ್ಟೆ ಲಕ್ಷಣವಾಗಿತ್ತು. ಒಳಗೆ ಫ್ಯಾನಿನ ರೆಕ್ಕೆ ಮೇಲೆ ಬಳ್ಳಾರಿ ರಸ್ತೆಯ ಧೂಳು ಬೆರಳಲ್ಲಿ ಕಿತ್ತು ತೆಗೆಯೋ ಹಾಗೆ ಮೆತ್ತಿಕೊಂಡಿತ್ತು. ಗಾಳಿಯಾಡದೆ ಪ್ರೊಸೆಸರ್ ಕಾದರೆ ಸುಟ್ಟು ಹೋಗದಿರಲಿ ಅಂತ ಅದು ತನ್ನ ವೇಗವನ್ನ ತಾನೇ ಇಳಿಸಿಕೊಳ್ಳುತ್ತೆ. ನಾವು ‘ವಯಸ್ಸಾಯ್ತು’ ಅಂತ ಅದನ್ನೇ ಬೈಯ್ತೀವಿ. ಒಣ ಪೇಂಟ್ ಬ್ರಷ್ ಸಾಕು. ಒರೆಸುವಾಗ ಫ್ಯಾನ್ ಗಿರ್ರಂತ ತಿರುಗದ ಹಾಗೆ ಒಂದು ಬೆರಳು ಅಡ್ಡ ಇಟ್ಟುಕೊಳ್ಳಿ. ಪೂಜೆ ಮಾಡಬೇಡಿ ಅಂತ ನಾನು ಹೇಳಿದೆನೇ? ವರ್ಷಕ್ಕೊಂದು ಸಲ ಅಲಂಕಾರದ ಜೊತೆ ಸ್ನಾನವೂ ಆಗಲಿ, ಒಣಸ್ನಾನ.

ನಮ್ಮ ಕಡೆ ಕಂಪ್ಯೂಟರಿಗೆ ಬರಗಾಲ ಅಂತ ಯಾರೂ ಹೇಳೋ ಹಾಗಿಲ್ಲ. ಯಶವಂತಪುರದ ಸರ್ಕಲ್ಲಿಂದ ಕೂಗಳತೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಇದೆ; 2022ರಲ್ಲಿ ಅಲ್ಲಿ ಶುರುವಾದ ‘ಪರಮ್ ಪ್ರವೇಗ’ ಸೂಪರ್‌ಕಂಪ್ಯೂಟರಿನ ತಾಕತ್ತು 3.3 ಪೆಟಾಫ್ಲಾಪ್. ಅಂದರೆ ಸೆಕೆಂಡಿಗೆ ಮೂರು ಸಾವಿರ ಲಕ್ಷ ಕೋಟಿಗೂ ಮೀರಿದ ಲೆಕ್ಕ. ಈ ಕಡೆ ಮೇಷ್ಟ್ರ ಮನೆಯಲ್ಲಿ ಏರೋ ಇಂಡಿಯಾ ಹೊತ್ತಿಗೆ ಸೂರ್ಯಕಿರಣ ತಂಡದ ವಿಮಾನಗಳು ತಾರಸಿ ಮೇಲೆ ಹೋಗಿ, ಸುತ್ತು ಹೊಡೆದು, ಮತ್ತೆ ಬಂದರೂ ಪರದೆ ಮೇಲಿನ ಚುಕ್ಕಿಗಳು ಇನ್ನೂ ಗುಂಡಗೆ ಸುತ್ತುತ್ತಲೇ ಇರುತ್ತವೆ.

‘ರ‍್ಯಾಮ್ ಹಾಕಿಸ್ಲಾ?’ ಅಂತ ಮೇಷ್ಟ್ರು ಕೇಳಿದರು. ಎಲ್ಲರೂ ಮೊದಲು ಕೇಳೋದೇ ಇದು. 4 ಜಿಬಿ ಇದ್ದವರು 8 ಮಾಡಿಸಿಕೊಳ್ಳಿ, ಬೇಡ ಅನ್ನಲ್ಲ. ಆದರೆ ಒಳಗಿರೋದು ಇನ್ನೂ ಹಳೇ ತಿರುಗೋ ಹಾರ್ಡ್ ಡಿಸ್ಕಾದರೆ ನಿಮ್ಮದು ಹೆಬ್ಬಾಳದ ಕಥೆ. ಏರ್‌ಪೋರ್ಟ್ ಕಡೆಯಿಂದ ಎಷ್ಟೇ ಸಾಲು ರಸ್ತೆ ಬರಲಿ, ಫ್ಲೈಓವರ್ ಇಳಿಯೋ ಕಡೆ ಎಲ್ಲರೂ ಒಂದೇ ಬಾಯಿಗೆ ನುಗ್ಗಬೇಕು. ಡಿಸ್ಕಿನ ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗಿದರೂ ಒಂದೇ ಮುಳ್ಳು ಅತ್ತಿಂದಿತ್ತ ಓಡಾಡಿ ಎಲ್ಲರಿಗೂ ಬಡಿಸಬೇಕಲ್ಲ! ಅದರ ಬದಲು ಹಾಕೋ ಎಸ್‌ಎಸ್‌ಡಿಯಲ್ಲಿ ತಿರುಗೋದೂ ಇಲ್ಲ, ಓಡಾಡೋದೂ ಇಲ್ಲ. ಹಳೇ ಯಂತ್ರಕ್ಕೆ ಒಂದೇ ಒಂದು ಖರ್ಚು ಮಾಡೋದಿದ್ದರೆ ಅದಕ್ಕೇ ಮಾಡಿ. ಎಸ್.ಪಿ. ರೋಡಿಗೆ ಹೋದರೆ ಅಂಗಡಿಯವರು ಹಳೇ ಡಿಸ್ಕಿನಲ್ಲಿರೋದನ್ನ ಹೊಸದಕ್ಕೆ ಇದ್ದ ಹಾಗೇ ಇಳಿಸಿಯೂ ಕೊಡ್ತಾರೆ.

ಕಾಸಿಲ್ಲದೆ ಆಗೋ ಕೆಲಸವೂ ಉಂಟು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ‘ಸ್ಟಾರ್ಟಪ್’ ಅನ್ನೋ ಕಡೆ ನೋಡಿ. ಕರೆಯದೇ ಬಂದು ಪಂಕ್ತಿಯಲ್ಲಿ ಕೂತವರೆಲ್ಲ ಅಲ್ಲಿ ಸಿಗ್ತಾರೆ: ವಿಡಿಯೊ ಮೀಟಿಂಗಿನ ಆ್ಯಪ್, ಎಂದೋ ಕೆಟ್ಟುಹೋದ ಪ್ರಿಂಟರಿನ ಸಾಫ್ಟ್‌ವೇರ್, ಎರಡೆರಡು ಆ್ಯಂಟಿವೈರಸ್. ಎರಡಿದ್ದರೆ ಡಬಲ್ ಭದ್ರತೆ ಅನ್ನೋದು ಮೇಷ್ಟ್ರ ವಾದ. ಅವೆರಡೂ ಒಂದನ್ನೊಂದು ಅನುಮಾನದಿಂದ ನೋಡುತ್ತಾ ಕೂತರೆ ಕಳ್ಳನನ್ನ ನೋಡೋರು ಯಾರು? ವಿಂಡೋಸಿನ ಜೊತೆ ಬರೋ ಡಿಫೆಂಡರ್ ಮನೆ ಮಟ್ಟಿಗೆ ಧಾರಾಳ ಸಾಕು. ಆಮೇಲೆ ಇನ್ನೊಂದು. ‘ದಿನಾ ಶಟ್‌ಡೌನ್ ಮಾಡ್ತೀನಲ್ಲ’ ಅಂತ ನೀವು ಬೀಗಬಹುದು. ‘ಫಾಸ್ಟ್ ಸ್ಟಾರ್ಟಪ್’ ಇರೋ ಕಡೆ ಶಟ್‌ಡೌನ್ ಅಂದರೆ ಅರೆನಿದ್ದೆ ಮಾತ್ರ. ವಿಂಡೋಸ್ ತನ್ನ ಒಳಸ್ಥಿತಿಯನ್ನ ಡಿಸ್ಕಿನಲ್ಲಿ ಬಚ್ಚಿಟ್ಟು ಮಲಗುತ್ತೆ. ಕೊಳೆ ತೊಳೆದು ಹೊಸದಾಗಿ ಏಳೋದು ರೀಸ್ಟಾರ್ಟ್ ಮಾಡಿದಾಗಲೇ.

ಇಷ್ಟೆಲ್ಲ ಯಾರು ಮಾಡ್ತಾರೆ ಹೇಳಿ? ನಮ್ಮಲ್ಲಿ ಸರ್ವರೋಗಕ್ಕೂ ಒಂದೇ ಮದ್ದು, ಫಾರ್ಮ್ಯಾಟ್. ಆರ್.ಟಿ. ನಗರದಿಂದ ಮೇಷ್ಟ್ರ ಮನೆಗೆ ಬರ್ತಿದ್ದ ಹುಡುಗನಿಗೆ ಬೇರೆ ಕ್ರಿಯಾಪದವೇ ಗೊತ್ತಿರಲಿಲ್ಲ. ಮೌಸ್ ಅಲ್ಲಾಡಿಸಿ ನೋಡಿ ‘ಫಾರ್ಮ್ಯಾಟ್ ಹೊಡೀಬೇಕು ಸರ್’ ಅನ್ನೋನು. ಹೊಡೆದ. ಡೆಸ್ಕ್‌ಟಾಪಿನ ಮೇಲೇ ಇಟ್ಟಿದ್ದ ಮಗಳ ನಾಮಕರಣದ ಫೋಟೊಗಳು ಸಿ ಡ್ರೈವಿನ ಜೊತೆ ಸಹಗಮನ ಮಾಡಿದವು. ಮೇಲಾಗಿ ಅವನು ಹಾಕಿಕೊಟ್ಟಿದ್ದು ಕದ್ದ ವಿಂಡೋಸು. ಬೀಗ ಒಡೆಯೋಕೆ ಬಳಸಿದ ಸಾಫ್ಟ್‌ವೇರೇ ಹಿತ್ತಲ ಬಾಗಿಲನ್ನೂ ತೆರೆದಿಟ್ಟು ಹೋಗಬಹುದು ಅಂತ ನಾನು ಹೇಳಿದಾಗ ಮೇಷ್ಟ್ರು, ‘ಬರೀ ಮುನ್ನೂರು ತಗೊಂಡ ಕಣಯ್ಯ’ ಅಂತ ಅವನ ಪರವೇ ವಹಿಸಿದರು.

ಅಪ್‌ಡೇಟ್ ಕಂಡರೆ ಮಾತ್ರ ಅವರಿಗೆ ಮೈಯೆಲ್ಲ ಉರಿ. ‘ಆಮೇಲೆ ನೆನಪಿಸು’ ಅನ್ನೋದನ್ನ ಅವರು ಒತ್ತೋ ವೇಗ ನೋಡಬೇಕು ನೀವು! 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನೋ ಹುಳು ಲೋಕದ ಕಂಪ್ಯೂಟರುಗಳಿಗೆಲ್ಲ ಬೀಗ ಜಡಿದು ಕಾಸು ಕೇಳಿತಲ್ಲ, ಅದು ನುಗ್ಗಿದ ಬಿಲಕ್ಕೆ ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ಮುಚ್ಚಳ ಕೊಟ್ಟಿತ್ತು. ಎರಡು ತಿಂಗಳು ‘ಆಮೇಲೆ’ ಅಂದವರು ಸಿಕ್ಕಿಬಿದ್ದರು. ವಿಂಡೋಸ್ 10ಕ್ಕಂತೂ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಅಪ್‌ಡೇಟೇ ನಿಂತುಹೋಯ್ತು. ಹೆಸರು ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷದ ವಾಯಿದೆ. ಹನ್ನೊಂದಕ್ಕೆ ಏರೋಣ ಅಂದರೆ ಟಿಪಿಎಂ 2.0 ಚಿಪ್ ಬೇಕು, ಹಳೇ ಪ್ರೊಸೆಸರಿಗೆ ಪ್ರವೇಶವಿಲ್ಲ. ಅಂಥ ಯಂತ್ರವನ್ನ ರದ್ದಿಗೆ ಹಾಕೋ ಮುಂಚೆ ಲಿನಕ್ಸ್ ಮಿಂಟ್ ಹಾಕಿ ನೋಡಿ. ಪುಕ್ಕಟೆ. ಲಿನಕ್ಸು ನಮ್ಮ ಕಡೆಗೇನು ಹೊಸ ನೆಂಟನಲ್ಲ. ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಸೇರಿ ರೂಪಿಸಿದ, 2004ರಲ್ಲಿ ಜಾಲಹಳ್ಳಿಯ ಬಿಇಎಲ್ ತಯಾರಿಸಿದ ಅಂಗೈಯಗಲದ ‘ಸಿಂಪ್ಯೂಟರ್’ ಓಡ್ತಿದ್ದದ್ದೂ ಅದರ ಮೇಲೇ. ಮಾರಾಟದಲ್ಲಿ ಅದು ಗೆಲ್ಲಲಿಲ್ಲ ಅನ್ನೋದು ಬೇರೆ ಮಾತು.

ಪಾಸ್‌ವರ್ಡಿನ ವಿಷಯಕ್ಕೆ ಬಂದರೆ ಮೇಷ್ಟ್ರದು ಸ್ಕೂಟರ್ ನಂಬರು. ಮೇಲ್‌ಗೂ ಅದೇ, ಬ್ಯಾಂಕಿಗೂ ಅದೇ. ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಏಕಾದಶಿ ಪಕ್ಕ ಬರೆದೂ ಇಟ್ಟಿದ್ದಾರೆ. ಕಾಗದದಲ್ಲಿ ಬರೆದದ್ದಕ್ಕೆ ನಾನೇನೂ ಬೈಯಲಿಲ್ಲ. ಎಲ್ಲೋ ದೂರದೇಶದಲ್ಲಿ ಕೂತ ಕಳ್ಳ ನಿಮ್ಮ ಅಡುಗೆಮನೆ ಗೋಡೆಗೆ ಇಣುಕಲಾರ. ಎಲ್ಲದಕ್ಕೂ ಒಂದೇ ಕೀಲಿ ಮಾಡಿದ್ದೇ ತಪ್ಪು. ವೈಫೈ ಪೆಟ್ಟಿಗೆಗೆ ಅದು ಬಂದ ದಿನದ ‘ಅಡ್ಮಿನ್’ ಪಾಸ್‌ವರ್ಡೇ ಇನ್ನೂ ಇದ್ದರೆ ಅದನ್ನೂ ಇವತ್ತೇ ಬದಲಾಯಿಸಿ. ಪರದೆ ತುಂಬ ಕೆಂಪಾಗಿ ‘ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ’ ಅಂತ ಬೊಬ್ಬೆ ಹೊಡೆದರೆ ಮಾಡಬೇಡಿ, ಬ್ರೌಸರ್ ಮುಚ್ಚಿ. ಕಾಸು ಹೋಗೇಬಿಟ್ಟಿದ್ದರೆ ನಾಚಿಕೊಂಡು ಕೂರದೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬ್ಯಾಕಪ್ಪಿಗೆ ಒಳ್ಳೇ ದಿನ ಯಾವುದು ಅಂದರೆ ಅಮಾವಾಸ್ಯೆ. ಗಾಡಿಗೆ ನಿಂಬೆಹಣ್ಣು ಕಟ್ಟೋದನ್ನ ನೀವು ಹೇಗೂ ಮರೆಯೋದಿಲ್ಲ. ಜೊತೆಗೆ ಒಂದು ಎಕ್ಸ್‌ಟರ್ನಲ್ ಡಿಸ್ಕನ್ನೂ ಸಿಕ್ಕಿಸಿ, ಕಾಪಿ ಆದ ಮೇಲೆ ಕಿತ್ತು ಬೀರುವಿನಲ್ಲಿಡಿ.

ಅಂದವಾಗಿಸೋ ಮಾತು ಬಂದರೆ ಮೇಷ್ಟ್ರಿಗೆ ವಾಲ್‌ಪೇಪರಿನ ತಿಮ್ಮಪ್ಪನೇ ಕೊನೆ. ಅಕ್ಷರ ಕಾಣದೆ ಮೂಗು ಗಾಜಿಗೆ ತಗಲೋ ಹಾಗೆ ಬಗ್ಗಿ ಓದೋರು. ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ‘ಸ್ಕೇಲ್’ ಶೇಕಡಾ 125 ಮಾಡಿದೆ. ‘ಅಕ್ಷರ ಕೊಬ್ಬಿದೆ’ ಅಂದರೂ ಅವರ ಬೆನ್ನು ನೆಟ್ಟಗಾಯ್ತು. ನಿಜವಾದ ಲಾಭ ಹೊಡೆದದ್ದು ಅವರ ಮನೆಯವರು. ‘ಕನ್ನಡದಲ್ಲಿ ಹೊಡೆಯೋಕೆ ಆಗುತ್ತೇನಪ್ಪಾ?’ ಅಂತ ಕೇಳಿದರು. 2019ರಿಂದೀಚೆಗೆ ವಿಂಡೋಸಿನಲ್ಲೇ ಉಚ್ಚಾರಣೆಯಂತೆ ಒತ್ತೋ ಕನ್ನಡ ಕೀಲಿಮಣೆ ಇದೆ. ಆದರೆ ನಾನು ಅವರಿಗೆ ಕಲಿಸಿದ್ದು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಬಳಸೋ ‘ನುಡಿ’. ಅಕ್ಕ ಬೇಕಾದರೆ ಎ, ಕೆ, ಎಫ್, ಕೆ. ಎಫ್ ಒತ್ತಿದರೆ ಮುಂದಿನದು ಒತ್ತಕ್ಷರ. ಒಂದು ಮಧ್ಯಾಹ್ನದಲ್ಲಿ ಆಂಟಿ ಪಳಗಿಬಿಟ್ಟರು. ಸಂಜೆಗೆ ಗೇಟಿಗೆ ಅಂಟಿಸೋಕೆ ಅಂತ ಒಂದು ಬೋರ್ಡೇ ತಯಾರು: ‘ದಯವಿಟ್ಟು ಇಲ್ಲಿ ವಾಹನ ನಿಲ್ಲಿಸಬೇಡಿ, ಕಸವನ್ನಂತೂ ಮೊದಲೇ ಹಾಕಬೇಡಿ.’ ಒತ್ತು, ದೀರ್ಘ, ಎಲ್ಲ ಸರಿಯಾಗಿ.

ಮೇಷ್ಟ್ರು ಕೆಂಪು ಪೆನ್ನು ಹಿಡಿದು ಎರಡೆರಡು ಸಲ ಓದಿದರು. ಒಂದೂ ತಪ್ಪು ಸಿಗಲಿಲ್ಲ.

‘ಪ್ರಿಂಟರ್ ಯಾಕೋ ಸ್ಲೋ ಕಣೇ’ ಅಂದರು.