ಗ್ಯಾದರಿಂಗ್ ಭಾವು

ಡಿಸೆಂಬರ್ ಚಳಿ ಬಿತ್ತೆಂದರೆ ಲಾತೂರ ಜಿಲ್ಲೆಯ ನಿಲಂಗಾ ಸೀಮೆಯಲ್ಲಿ ಎರಡು ಬೆಳೆ ಏಳುತ್ತವೆ. ಹೊಲದಲ್ಲಿ ಕಡಲೆ, ಕಾಲೇಜಿನಲ್ಲಿ ಗ್ಯಾದರಿಂಗು, ಅಂದರೆ ವಾರ್ಷಿಕ ಸ್ನೇಹಸಮ್ಮೇಳನ. ಕಡಲೆಗೆ ಹದ, ಮಂಜು, ಔಷಧಿ ಎಲ್ಲ ನೋಡಬೇಕು. ಗ್ಯಾದರಿಂಗಿಗೆ ಭಾವು ಒಬ್ಬನಿದ್ದರೆ ಸಾಕು.

ಭಾವು ಎಂದರೆ ಮರಾಠಿಯಲ್ಲಿ ಅಣ್ಣ, ತಾಯಿ ಇಟ್ಟ ಹೆಸರು ಬೇರೆ ಇದೆ. ಅದು ಕಾಲೇಜಿನ ಹಾಜರಿ ಪುಸ್ತಕದಲ್ಲಿ ಮಾತ್ರ ಸಿಗುತ್ತದೆ, ಅದರ ಮುಂದೆ ತಿಂಗಳುಗಟ್ಟಲೆ ಗೈರುಹಾಜರಿಯ ಗುರುತು. ಹಾಗಂತ ಅವನು ಕಾಲೇಜಿಗೆ ಬರುವುದಿಲ್ಲ ಎಂದಲ್ಲ. ಸಿಪಾಯಿ ಗೇಟು ತೆಗೆಯುವ ಮೊದಲೇ ಬಂದಿರುತ್ತಾನೆ, ಬೀಗ ಹಾಕಿದ ಮೇಲೆ ಹೋಗುತ್ತಾನೆ. ನಡುವೆ ಕ್ಲಾಸು ಅಂತ ಒಂದು ನಡೆಯುತ್ತದೆ, ಅದು ಅವನ ಖಾತೆಗೆ ಬರುವುದಿಲ್ಲ.

ಅವನ ಗುರುತು ಹಿಡಿಯುವುದು ಸುಲಭ. ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಸೆಲೋಟೇಪಿನ ಉಂಗುರ, ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಕೊಂಡ ಮೊಬೈಲು, ಕೊರಳಲ್ಲೊಂದು ಹಳೆಯ ಬ್ಯಾಡ್ಜು. ಬ್ಯಾಡ್ಜು ಈ ಕಾಲೇಜಿನದಲ್ಲ. 2022ರ ಏಪ್ರಿಲ್‌ನಲ್ಲಿ ಉದಗೀರದಲ್ಲಿ 95ನೇ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ಆಯಿತಲ್ಲ, ಅಲ್ಲಿ ಭಾವು ಸ್ವಯಂಸೇವಕನಾಗಿದ್ದ. ಸಮ್ಮೇಳನಾಧ್ಯಕ್ಷ ಭಾರತ ಸಾಸಣೆಯವರ ಭಾಷಣ ಹೆಂಗಿತ್ತಪ್ಪ ಎಂದು ಕೇಳಿದರೆ, “ಮೈಕ್ ಭಾಳ ಚಲೋ ಇತ್ತುರಿ, ಹಿಂದಿನ ಸಾಲಿಗೂ ಕ್ಲಿಯರ್ ಕೇಳ್ತಿತ್ತು” ಎನ್ನುತ್ತಾನೆ. ಮೂರು ದಿನದಲ್ಲಿ ಒಂದು ಗೋಷ್ಠಿಗೂ ಕೂತಿಲ್ಲ. ಊಟದ ಕೂಪನ್ನು ಯಾವ ದಿನ ಯಾವ ಬಣ್ಣದ್ದಿತ್ತು ಎಂಬುದನ್ನು ಮಾತ್ರ ಇವತ್ತಿಗೂ ಹೇಳಬಲ್ಲ.

ಇಷ್ಟೆಲ್ಲ ಮಾಡುವವನಿಗೆ ಪದವಿ ಏನು? ಏನೂ ಇಲ್ಲ. ಇದರ ಹಿಂದೆ ಒಂದು ಕಾನೂನಿದೆ. ಮಹಾರಾಷ್ಟ್ರದಲ್ಲಿ ಮೊದಲು ಕಾಲೇಜು ಚುನಾವಣೆ ಎಂದರೆ ಗ್ರಾಮಪಂಚಾಯತಿ ನಾಚಬೇಕು, ಹಾಗಿರುತ್ತಿದ್ದವು. 1994ರ ವಿಶ್ವವಿದ್ಯಾಲಯ ಕಾಯಿದೆ ಬಂದ ಮೇಲೆ ಅವು ನಿಂತು, ಹೆಚ್ಚು ಮಾರ್ಕು ತೆಗೆದವರನ್ನೇ ವಿದ್ಯಾರ್ಥಿ ಪ್ರತಿನಿಧಿ ಮಾಡುವ ಪದ್ಧತಿ ಬಂತು. 2016ರ ಹೊಸ ಕಾಯಿದೆ ಚುನಾವಣೆಗೆ ಮತ್ತೆ ಬಾಗಿಲು ತೆರೆಯಿತು ನಿಜ, ಆದರೆ ರೂಢಿ ಅಷ್ಟು ಬೇಗ ಹೋಗುವುದಿಲ್ಲ. ಮಾರ್ಕು ತೆಗೆದ ಮಕ್ಕಳು ಒಳ್ಳೆಯವು. ಮೀಟಿಂಗಿಗೆ ಬಂದರೆ ಗೋಡೆ ನೋಡುತ್ತಾ ಕೂಡುತ್ತವೆ, ನಾಲ್ಕೂವರೆಗೆ ಊರಿನ ಎಸ್‌ಟಿ ಬಸ್ಸು ಹೋಗುತ್ತದೆಂದು ಎದ್ದು ನಿಲ್ಲುತ್ತವೆ. ಆಗ ಹಿಂದಿನ ಬೆಂಚಿನಿಂದ ಎರಡು ವಿಷಯದಲ್ಲಿ ನಪಾಸಾಗಿ ಎಟಿಕೆಟಿ ಹೊತ್ತ ಭಾವು, “ನೀವು ಹೋಗ್ರಿ, ನಾ ನೋಡ್ಕೋತೀನಿ” ಎನ್ನುತ್ತಾನೆ. ವಿದ್ಯಾರ್ಥಿ ಮಂಡಳದ ಅಧಿಕಾರ ಹಸ್ತಾಂತರ ಇಷ್ಟೇ. ಆ ಕೂಡಲೇ ಕಚೇರಿ ಕಾಲೇಜಿನಿಂದ ತಿಂಡಿಗಾಡಿಯ ಮುಂದಕ್ಕೆ ಸ್ಥಳಾಂತರವಾಗುತ್ತದೆ, ಮುಂದಿನ ಎಲ್ಲ ನಿರ್ಣಯಗಳೂ ನಿಲಂಗಾ ರೈಸಿನ ಪ್ಲೇಟು ಹಿಡಿದುಕೊಂಡೇ ಆಗುತ್ತವೆ.

ಮೊದಲ ನಿರ್ಣಯ ವರ್ಗಣಿಯದು, ಅಂದರೆ ಚಂದಾದ್ದು. ಭಾವು ಪಾವತಿ ಪುಸ್ತಕ ಹಿಡಿದು ಅಡತ್ ದುಕಾನಿಗೆ ಹೋಗುತ್ತಾನೆ.

“ಕಾಕಾ, ಗ್ಯಾದರಿಂಗ್ ವರ್ಗಣಿರಿ. ಐದ್ನೂರು.”

“ಈ ವರ್ಷ ಸೋಯಾಬೀನಿಗಿ ಭಾವ ಇಲ್ಲೋ ತಮ್ಮಾ.”

“ಗೊತ್ತದರಿ ಕಾಕಾ, ಅದಕ್ಕೇ ಐದ್ನೂರು. ಭಾವ ಇದ್ದಿದ್ರ ಸಾವಿರ ಅಂತಿದ್ದೆ.”

“ಹೋದ ವರ್ಷದ ಪಾವತಿ ಎಲ್ಲದ?”

“ಹೋದ ವರ್ಷ ಪುಸ್ತಕ ತೀರಿತ್ತರಿ.”

ಕಾಕಾ ನಗುತ್ತಾರೆ, ಮುನ್ನೂರು ಕೊಡುತ್ತಾರೆ. ಭಾವುಗೆ ಮುನ್ನೂರೇ ಬೇಕಾಗಿತ್ತು.

ಇನ್ನು ಪತ್ರಿಕೆ. ನಮ್ಮ ಕಡೆ ಮದುವೆಯ ಲಗ್ನಪತ್ರಿಕೆ ಒಂದು ಕಷ್ಟ, ಗ್ಯಾದರಿಂಗಿನ ನಿಮಂತ್ರಣ ಪತ್ರಿಕೆ ಅದರಪ್ಪ. ಅಧ್ಯಕ್ಷರು ಒಬ್ಬರು, ಉದ್ಘಾಟಕರು ಒಬ್ಬರು ಎಂದರೆ ಮುಗಿಯಿತೆಂದು ಹೊರಗಿನವರು ತಿಳಿಯುತ್ತಾರೆ. ಅಲ್ಲಿಂದಲೇ ಶುರು. ಪ್ರಮುಖ ಪಾಹುಣೆ, ಪ್ರಮುಖ ಉಪಸ್ಥಿತಿ, ವಿಶೇಷ ಉಪಸ್ಥಿತಿ, ಸನ್ಮಾನನೀಯ ಉಪಸ್ಥಿತಿ. ಇವುಗಳ ನಡುವಿನ ಅಂತರವನ್ನು ಯಾವ ಶಬ್ದಕೋಶವೂ ಹೇಳಲಾರದು, ಭಾವು ಹೇಳುತ್ತಾನೆ. ಖಂಡಿತ ಬರುವವರು ಪ್ರಮುಖ. ಬಂದರೂ ಬರಬಹುದು ಎನ್ನುವವರು ವಿಶೇಷ. ಬರುವುದೇ ಇಲ್ಲ, ಆದರೆ ಹೆಸರು ಬಿಟ್ಟರೆ ಮುಂದಿನ ವರ್ಷ ಮೈದಾನ ಕೊಡುವುದಿಲ್ಲ ಎನ್ನುವವರು ಸನ್ಮಾನನೀಯ. ಕೆಳಗೆ ‘ವಿನೀತ’ ಎಂದು ಪ್ರಾಧ್ಯಾಪಕರ ಸಾಲು, ಅಲ್ಲಿ ನೌಕರಿಗೆ ಸೇರಿದ ತಾರೀಖಿನ ಪ್ರಕಾರ ಒಬ್ಬರ ಮೇಲೊಬ್ಬರು. ಒಂದು ದಿನ ಹಿಂದೆ ಸೇರಿದವರು ಒಂದು ಸಾಲು ಕೆಳಗೆ ಬಿದ್ದರೆ ಅವತ್ತು ಸ್ಟಾಫ್‌ರೂಮಿನಲ್ಲಿ ಚಹಾ ಆರಿ ತಣ್ಣಗಾಗುತ್ತದೆ.

ಫ್ಲೆಕ್ಸಿನ ಲೆಕ್ಕ ಇನ್ನೊಂದು. ನಿಲಂಗಾ ಎಂದರೆ 1985ರಲ್ಲಿ ರಾಜ್ಯಕ್ಕೆ ಮುಖ್ಯಮಂತ್ರಿಯನ್ನು ಕೊಟ್ಟ ಊರು, ಶಿವಾಜಿರಾವ್ ಪಾಟೀಲರಿಗೆ ನಿಲಂಗೇಕರ ಎಂಬ ಹೆಸರು ಕೊಟ್ಟ ಊರು. ಇಲ್ಲಿ ಪ್ರತಿ ಮನೆಯಲ್ಲೂ ಒಬ್ಬ ನೇತಾ ಇದ್ದಾನೆ, ಪ್ರತಿ ನೇತಾನಿಗೂ ಫ್ಲೆಕ್ಸಿನಲ್ಲಿ ಮೋತಿ ಕಾಣಬೇಕು. ಭಾವು ಪ್ರೆಸ್ಸಿನ ಹುಡುಗನ ಪಕ್ಕ ಕೂತು ಫೋಟೋಗಳನ್ನು ಮಿಲಿಮೀಟರ್ ಹಿಡಿದು ಸರಿಮಾಡಿಸುತ್ತಾನೆ. ಎರಡು ಗುಂಪಿನ ಎರಡು ದೊಡ್ಡವರು ಪರಸ್ಪರ ಮುಖ ನೋಡುತ್ತಿರುವ ಹಾಗೆ ಬರಬಾರದು, ಬೆನ್ನು ಹಾಕಿದ ಹಾಗೂ ಬರಬಾರದು. ಕೊನೆಗೆ ಇಬ್ಬರೂ ನಡುವಿನ ಸರಸ್ವತಿಯನ್ನು ನೋಡುತ್ತಿರುತ್ತಾರೆ.

ರಂಗೋಲಿಯ ಬಗ್ಗೆ ಮಾತ್ರ ಭಾವು ಸೋತಿದ್ದಾನೆ. 2019ರ ಶಿವಜಯಂತಿಗೆ ಇದೇ ನಿಲಂಗಾದಲ್ಲಿ ಆರು ಎಕರೆ ಹೊಲದ ತುಂಬ ಹಸಿರು ಬೆಳೆಸಿ ಶಿವಾಜಿ ಮಹಾರಾಜರ ಚಿತ್ರ ಮೂಡಿಸಿದ್ದರು. ಅದಾದ ಮೇಲೆ ಹುಡುಗಿಯರು ಎಷ್ಟು ದೊಡ್ಡ ರಂಗೋಲಿ ಹಾಕಿದರೂ ನೋಡಿದವರು, “ಚಲೋ ಅದ, ಸಣ್ಣದಾಯ್ತು” ಎಂದು ಮುಂದಕ್ಕೆ ಹೋಗುತ್ತಾರೆ.

ಭಾವುವಿನ ನಿಜವಾದ ವಿದ್ಯೆ ಇರುವುದು ವೇಳೆಯಲ್ಲಿ. ಪತ್ರಿಕೆಯಲ್ಲಿ ‘ಬೆಳಗ್ಗೆ ಸರಿಯಾಗಿ 11 ಗಂಟೆಗೆ’ ಎಂದಿರುತ್ತದೆ. ಅದು ಅಚ್ಚಿನವನಿಗೆ ಹೇಳಿದ ವೇಳೆ. ಮಂಡಪದವನಿಗೆ ಹಿಂದಿನ ದಿನವೇ ಕಾರ್ಯಕ್ರಮವೆಂದು ಹೇಳಿರುತ್ತಾನೆ. ಸೌಂಡಿನವನಿಗೆ ಬೆಳಗ್ಗೆ ಆರು. ಸ್ವಾಗತಗೀತೆ ಹಾಡುವ ಹುಡುಗಿಯರಿಗೆ ಎಂಟು, ಯಾಕೆಂದರೆ ಸೀರೆ. ಪ್ರಾಚಾರ್ಯರಿಗೆ ಹನ್ನೊಂದು, ಅವರೊಬ್ಬರೇ ನಂಬುವವರು. ಅತಿಥಿ ಪಾಹುಣೆಯವರ ಡ್ರೈವರಿಗೆ ಹನ್ನೆರಡೂವರೆ, ಯಾಕೆಂದರೆ ಸಾಹೇಬರಿಗೆ ಹಾದಿಯಲ್ಲಿ ಒಂದು ವಾಸ್ತುಶಾಂತಿ, ಒಂದು ಸಾಂತ್ವನ ಇದ್ದೇ ಇರುತ್ತದೆ. ಹೀಗೆ ಒಬ್ಬೊಬ್ಬರಿಗೆ ಒಂದೊಂದು ಸುಳ್ಳು ಹೇಳಿ, ಎಲ್ಲರನ್ನೂ ಒಂದೂವರೆಗೆ ಒಂದೇ ಮಂಡಪದಲ್ಲಿ ಕೂಡಿಸುತ್ತಾನೆ. ಕಾಲೇಜುಗಳು ಈಚೆಗೆ ಪುಣೆಯಿಂದ ತಜ್ಞರನ್ನು ಕರೆಸಿ ‘ಇವೆಂಟ್ ಮ್ಯಾನೇಜ್‌ಮೆಂಟ್’ ಎಂದು ಎರಡು ದಿನದ ಕಾರ್ಯಶಾಲೆ ಮಾಡಿಸುತ್ತವೆ. ಅಲ್ಲೂ ಪರದೆಯ ಮೇಲೆ ಚಿತ್ರ ಬರದೇ ಹೋದಾಗ ವಾಯರು ಅಲುಗಾಡಿಸಲು ಹೊರಗಿನಿಂದ ಭಾವುವನ್ನೇ ಕೂಗುತ್ತಾರೆ. ಅವನಿಗೆ ಪ್ರಮಾಣಪತ್ರ ಸಿಗಲಿಲ್ಲ. ಹೆಸರು ನೋಂದಾಯಿಸಿರಲಿಲ್ಲವಂತೆ.

ಗ್ಯಾದರಿಂಗಷ್ಟೇ ಅಲ್ಲ, ಕಾಲೇಜಿನ ಬೇರೆ ಕಾರ್ಯಕ್ರಮಗಳ ತಾರೀಖು ಹಿಡಿಯುವುದರಲ್ಲೂ ಅವನೇ ಪಂಚಾಂಗ. ಸೆಪ್ಟೆಂಬರ್ 17 ಬಂತೆಂದರೆ ಈ ಭಾಗದಲ್ಲಿ ಮೈಕಿಗೆ ಬರಗಾಲ. 1948ರಲ್ಲಿ ನಿಜಾಮಶಾಹಿ ಮುಗಿದ ದಿನ ಗಡಿಯ ಎರಡೂ ಕಡೆಗೆ ಒಂದೇ. ಈ ಕಡೆ ಮರಾಠವಾಡಾ ಮುಕ್ತಿಸಂಗ್ರಾಮ ದಿನ, ಆ ಕಡೆ ಭಾಲ್ಕಿ, ಬೀದರದಲ್ಲಿ ಕಲ್ಯಾಣ ಕರ್ನಾಟಕ ಉತ್ಸವ. ಲಾತೂರಿನ ಸೌಂಡಿನವರು ಲಾತೂರಿನಲ್ಲೇ ಸಿಕ್ಕಿಬಿದ್ದಿರುತ್ತಾರೆ, ಬೀದರದವರು ಬೀದರದಲ್ಲಿ. ಭಾವು ಶ್ರಾವಣದಲ್ಲೇ ಔರಾದ ಶಹಾಜನಿಯಲ್ಲಿರುವ ಸೋದರಮಾವನ ಕಡೆಯಿಂದ ಒಂದು ಜೋಡಿ ಸ್ಪೀಕರು ತಂದು ಮನೆಯ ಅಟ್ಟದ ಮೇಲೆ ಇಟ್ಟಿರುತ್ತಾನೆ. ತಾಯಿ ಅದರ ಮೇಲೆ ಹಪ್ಪಳ ಒಣಗಿಸುತ್ತಾಳೆ.

ತಾಯಿಯ ಜೊತೆ ಕನ್ನಡ, ವೇದಿಕೆಯ ಮೇಲೆ ಮರಾಠಿ, ಜನರೇಟರಿನವನ ಜೊತೆ ದಖನಿ. ಸೂತ್ರಸಂಚಾಲನಕ್ಕೆ ನಿಂತಾಗ ಎಂಥ ಶುದ್ಧ ಮರಾಠಿ ಎಂದರೆ ಮರಾಠಿ ವಿಭಾಗದ ಸರ್ ಕೂಡ ಬೆನ್ನು ನೆಟ್ಟಗೆ ಮಾಡಿ ಕೂಡುತ್ತಾರೆ. ಅಷ್ಟರಲ್ಲಿ ಮೈಕು ಕೀ ಎಂದರೆ, ಅದೇ ಬಾಯಿಂದ, “ಏ, ಆ ವಾಯರ್ ಯಾವ ಮಗ ತುಳಿದಾನ ನೋಡ್ರೋ!” ಇಡೀ ಮಂಡಪಕ್ಕೆ ಅರ್ಥವಾಗುತ್ತದೆ. ಕಾರ್ಯಕ್ರಮದಲ್ಲಿ ಲಾವಣಿ ಇರುತ್ತದೆ, ಕೋಳಿ ನೃತ್ಯ ಇರುತ್ತದೆ. ಇಲ್ಲಿಂದ ಸಮುದ್ರ ನಾನೂರು ಕಿಲೋಮೀಟರಿನಷ್ಟು ದೂರ, ಆದರೂ ಪ್ರತಿ ವರ್ಷ ನಮ್ಮ ಹುಡುಗರು ಬಲೆ ಬೀಸುತ್ತಾರೆ, ಪ್ರತಿ ವರ್ಷ ಬಲೆ ಸೀರಿಯಲ್ ಲೈಟಿಗೆ ಸಿಕ್ಕಿಕೊಳ್ಳುತ್ತದೆ. ಹನ್ನೆರಡನೆಯ ನಂಬರಿಗೆ ಒಂದೇ ಒಂದು ಕನ್ನಡ ಹಾಡು. ಕನ್ನಡ ಬರುವುದಿಲ್ಲ ಎನ್ನುವವರೆಲ್ಲ ಸೇರಿ ವನ್ಸ್ ಮೋರ್ ಕೊಡುತ್ತಾರೆ. ಅದಕ್ಕೇ ಭಾವು ಅದನ್ನು ಊಟದ ಮೊದಲು ಇಡುತ್ತಾನೆ, ಜನ ಏಳಬಾರದು.

ಗ್ಯಾದರಿಂಗಿನಲ್ಲಿ ಎಲ್ಲಕ್ಕಿಂತ ಅಪಾಯದ್ದು ಶೇಲಾಪಾಗೋಟೆ, ಹುಡುಗರ ಬಾಯಲ್ಲಿ ಫಿಶ್‌ಪಾಂಡ್. ಯಾರ ಮೇಲೆ ಬೇಕಾದರೂ ಹೆಸರು ಹಾಕದೆ ಚೇಷ್ಟೆಯ ಚೀಟಿ ಬರೆದು ಡಬ್ಬಿಗೆ ಹಾಕಬಹುದು, ವೇದಿಕೆಯ ಮೇಲೆ ಓದುತ್ತಾರೆ. ಹಿಂದಿನ ರಾತ್ರಿ ಭಾವು ಡಬ್ಬಿ ಬಿಚ್ಚಿ ಒಬ್ಬನೇ ಕೂಡುತ್ತಾನೆ. ಜಾತಿಗೆ ತಾಗುವುದು ಒಂದು ಕಡೆ, ಹುಡುಗಿಯರಿಗೆ ಕಣ್ಣೀರು ತರಿಸುವುದು ಒಂದು ಕಡೆ, ಸರ್ ಒಬ್ಬರ ಬಕ್ಕತಲೆಯ ಮೇಲಿನವು ಒಂದು ಕಡೆ. ಮೊದಲಿನ ಎರಡೂ ರಾಶಿ ಒಲೆಗೆ. ಬಕ್ಕತಲೆಯದನ್ನು ಉಳಿಸುತ್ತಾನೆ, ಸರ್‌ಗೂ ಅದು ಇಷ್ಟ, ಬಾರದಿದ್ದರೆ ಮುನಿಸಿಕೊಳ್ಳುತ್ತಾರೆ. ತನ್ನ ಮೇಲೆ ಯಾರೂ ಬರೆದಿಲ್ಲವೆಂದರೆ ತಾನೇ ಎರಡು ಬರೆದು ಹಾಕುತ್ತಾನೆ, ಅವೇ ಎಲ್ಲಕ್ಕಿಂತ ಕಟುವಾಗಿರುತ್ತವೆ. ಅವನ ಎಟಿಕೆಟಿಯ ವಿಷಯ ಇಡೀ ತಾಲೂಕಿಗೆ ಗೊತ್ತಾದದ್ದು ಹೀಗೆಯೇ. ಕಾಲೇಜಿನ ಶಾಂತಿ ಪೊಲೀಸರಿಂದ ಉಳಿದಿದೆ ಎಂದು ತಿಳಿದವರು ಆ ಒಲೆಯನ್ನು ನೋಡಿಲ್ಲ.

ಪಾಹುಣೆಯವರಿಗೆ ಫೇಟಾ ಕಟ್ಟಿ, ಶಾಲು ಹೊದಿಸಿ, ಶ್ರೀಫಲ ಕೊಟ್ಟು ಕಳಿಸಿದ ಮೇಲೆ ಹಿಶೇಬಿನ ಕಾಲ. ಕಾಲೇಜಿನ ಕ್ಲಾರ್ಕ್ ಪ್ರತಿ ಖರ್ಚಿಗೂ ಬಿಲ್ಲು ಕೇಳುತ್ತಾನೆ. ಸಮೈ ದೀಪಕ್ಕೆ ಹಾಕಿದ ಎಣ್ಣೆಗೆ ಬಿಲ್ಲು ಯಾರು ಕೊಡುತ್ತಾರೆ? ಕೊನೆಯ ಗಳಿಗೆಯಲ್ಲಿ ಹಾರ ಕಡಿಮೆ ಬಿದ್ದಾಗ ನೀಲಕಂಠೇಶ್ವರ ಗುಡಿಯ ಮುಂದಿನ ಹೂವಿನ ಅಜ್ಜಿ ಉದ್ದರಿ ಕೊಟ್ಟ ಹಾರಕ್ಕೆ ಜಿಎಸ್‌ಟಿ ನಂಬರು ಎಲ್ಲಿಂದ ತರಬೇಕು? ಲೆಕ್ಕ ತಾಳೆಯಾಗುವುದಿಲ್ಲ. ಮಂಡಪದವನ ಬಾಕಿ ಉಳಿಯುತ್ತದೆ. ಅದನ್ನು ಭಾವು ಮೇ ತಿಂಗಳ ಲಗ್ನಸರಾಯಿಯಲ್ಲಿ ಅವನದೇ ಕೈಕೆಳಗೆ ಕಂಬ ಹುಗಿದು, ಖುರ್ಚಿ ಎತ್ತಿ ತೀರಿಸುತ್ತಾನೆ. ಆ ದುಡಿಮೆಯನ್ನು ಯಾವ ಬಿಲ್ಲಿಗೂ ಸೇರಿಸಿಲ್ಲ, ಕೇಳಿದರೆ, “ಅನುಭವ ಆಯ್ತುರಿ” ಎನ್ನುತ್ತಾನೆ. ವರ್ಗಣಿ ತಿಂದ ಎಂದು ಬಜಾರಿನಲ್ಲಿ ಆಡಿಕೊಳ್ಳುವವರಿದ್ದಾರೆ. ತಿಂದವನ ಚಪ್ಪಲಿ ಹಾಗಿರುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಈ ವರ್ಷದ ಪಾವತಿ ಪುಸ್ತಕ ಪ್ರೆಸ್ಸಿನಿಂದ ಬಂದಿದೆ, ಭಾವು ನಿಮ್ಮ ಓಣಿಗೂ ಬರುತ್ತಾನೆ. ಐದ್ನೂರು ಅಂದರೆ ಮುನ್ನೂರು ಕೊಡಿ, ಆದರೆ ಪಾವತಿ ಇಸಿದುಕೊಳ್ಳದೆ ಬಿಡಬೇಡಿ. ಕ್ಲಾರ್ಕಿನ ಮುಂದೆ ಅವನಿಗೆ ಅದೊಂದಾದರೂ ಕಾಗದ ಇರಲಿ.