ತೊಕ್ಕಿನ ಟೊಮೆಟೊ ಪುರಾಣ

ಅಜ್ಜಂಪುರ ತಾಲ್ಲೂಕಿನ ಶಿವನಿಯ ಹಿತ್ತಿಲಿನಲ್ಲಿ ತೊಕ್ಕಿನ ಟೊಮೆಟೊವನ್ನು, ಎಂದರೆ ರೋಮಾದಂತೆ ನೀರು ಕಡಿಮೆಯಿದ್ದು ತಿರುಳು ದಪ್ಪಗಿರುವ ಹಣ್ಣಿನ ತಳಿಯನ್ನು, ಬೀಜದಿಂದಲೇ ಸಾವಯವವಾಗಿ ಬೆಳೆಯಹೊರಟ ಗೃಹಸ್ಥನು ಮೊದಲು ಎದುರಿಸಬೇಕಾದದ್ದು ಹುಳುಗಳನ್ನಲ್ಲ, ಮನೆಯವರನ್ನು. ಬೀಜಕ್ಕೆ ಅಂಟಿದ ಲೋಳೆಯು ಮೊಳಕೆಯನ್ನು ತಡೆಯುವುದರಿಂದ ಅದನ್ನು ಎರಡು ಮೂರು ದಿನ ಲೋಟದಲ್ಲಿ ಹುಳಿಯಲು ಬಿಡುವುದು ಕ್ರಮ. ಲೋಟದ ಮೇಲೆ ಬಿಳಿಯ ಬೂಷ್ಟು ಕಟ್ಟಿ, ವಾಸನೆಯು ನಡುಮನೆಗೆ ಬಂದ ಮೇಲೆ ಕೃಷಿವಿಜ್ಞಾನದ ಯಾವ ವಾದವೂ ನಿಲ್ಲುವುದಿಲ್ಲ.

ಬೀಜದ ಆಯ್ಕೆಯಲ್ಲಿಯೂ ವಂಶಶಾಸ್ತ್ರವಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆಮುರುಟು, ದುಂಡಾಣು ಸೊರಗು, ಅಂಗಮಾರಿ ಎಂಬ ಮೂರು ರೋಗಗಳನ್ನು ತಡೆದುಕೊಳ್ಳುತ್ತದೆಯಾದರೂ, ಅದು ಎರಡು ತಳಿಗಳ ಸಂಕರವಾದ ಕಾರಣ ಅದರ ಬೀಜ ಕಾದಿಟ್ಟು ಬಿತ್ತಿದರೆ ಮಕ್ಕಳು ತಾಯಿಯನ್ನೂ ಹೋಲದೆ ತಂದೆಯನ್ನೂ ಹೋಲದೆ ಊರವರ ಬಾಯಿಗೆ ಬೀಳುತ್ತವೆ.

ಬಿತ್ತುವ ಮುನ್ನ ಬೀಜಾಮೃತ, ಅಂದರೆ ಸಗಣಿ, ಗಂಜಲ, ಸುಣ್ಣ ಮತ್ತು ಹಿಡಿ ಮಣ್ಣನ್ನು ನೀರಿನಲ್ಲಿ ಕದಡಿದ ದ್ರವ, ಬೇಕು. ಅಜ್ಜಂಪುರದ ಅಮೃತಮಹಲ್ ತಳಿಸಂವರ್ಧನ ಕೇಂದ್ರದಿಂದ ಸೀಮೆಗೆಲ್ಲ ಹೆಸರಾದ ತಳಿಯ ಹಸುವಿದ್ದರೆ ಗೌರವ ಹೆಚ್ಚು. ಆದರೆ ಹಿಂದೆ ಮೈಸೂರಿನ ಸೈನ್ಯದ ಫಿರಂಗಿಗಳನ್ನು ಎಳೆದ ಆ ಮುಂಗೋಪದ ವಂಶದ ಹಿಂದೆ ಚೆಂಬು ಹಿಡಿದು ನಿಲ್ಲುವುದು ಸಾವಯವ ಕೃಷಿಯ ಯಾವ ಕೈಪಿಡಿಯಲ್ಲಿಯೂ ವಿವರಿಸದ ಸಾಹಸ.

ಇಷ್ಟೆಲ್ಲ ಆಗಿ, ಗಿಡ್ಡ ಬೆಳವಣಿಗೆಯ ಈ ಗಿಡಗಳು ತಮ್ಮ ಸ್ವಭಾವದಂತೆ ಹೆಚ್ಚುಕಡಿಮೆ ಒಟ್ಟಿಗೇ ಹಣ್ಣಾಗುವ ವಾರದಲ್ಲಿಯೇ ಸಂತೆಯ ಟೊಮೆಟೊ ಬೆಲೆಯೂ ಕುಸಿದಿರುತ್ತದೆ. ಆಗ ತೊಕ್ಕಿನ ಜಾಡಿಗಳು, ಬೇಡವೆಂದವರಿಗೂ ಸೇರಿ, ಶಿವನಿಯ ರೈಲು ಹತ್ತಿ ಬಂಧುಗಳ ಮನೆಗೆ ಹೊರಡುತ್ತವೆ.